ತರಗುಬೆಂಕಿಯೂ ಕಾಳ್ಗಿಚ್ಚೂ

ಮಾಗಿಯ ಚಳಿ ಹಿಮ್ಮೆಟ್ಟಿ ಎಲೆಗಳುದುರಿದ ಮೇಲೆ, ಬಿಳಿಗಿರಿರಂಗನ ಬೆಟ್ಟದ ಕೆಳಗಣ ಇಳಿಜಾರುಗಳಲ್ಲಿಯೂ ಬಂಡೀಪುರದ ಮತ್ತಿ, ದಿಂಡಿಗ, ತೇಗಗಳ ಕಾಡಿನಲ್ಲಿಯೂ ನೆಲವೆಲ್ಲ ತರಗಿನಿಂದ ಮುಚ್ಚಿಹೋಗುತ್ತದೆ. ಸಿಡಿಲು ಸಾಮಾನ್ಯವಾಗಿ ಮಳೆಯೊಡಗೂಡಿಯೇ ಬರುವ ಈ ಸೀಮೆಯಲ್ಲಿ ಆ ತರಗಿಗೆ ಬೀಳುವ ಬೆಂಕಿ ಬಹುಮಟ್ಟಿಗೆ ಮನುಷ್ಯನ ಕೈಯಿಂದಲೇ ಬಿದ್ದದ್ದು. ಆದುದರಿಂದ ಇಲ್ಲಿಯ ಕಾಡಿನ ಚರಿತ್ರೆಯನ್ನು ಬರೆಯಹೊರಟವನು, ಬೆಂಕಿಯನ್ನು ಯಾರು, ಯಾವ ಋತುವಿನಲ್ಲಿ, ಯಾವ ಉದ್ದೇಶದಿಂದ ಇಟ್ಟರು, ಯಾರು ಅದನ್ನು ನಿಷೇಧಿಸಿದರು ಎಂಬುದನ್ನು ಹೇಳದೆ ಮುಂದೆ ಹೋಗಲಾರನು.

ಬಿಳಿಗಿರಿಯ ಗಿರಿಜನರಾದ ಸೋಲಿಗರು ಪೋಡುಗಳೆಂಬ ತಮ್ಮ ಊರುಗಳ ಸುತ್ತಣ ಕಾಡಿಗೆ ಇಡುತ್ತಿದ್ದ ಬೆಂಕಿಗೆ ತರಗುಬೆಂಕಿಯೆಂದು ಹೆಸರು. ಬೇಸಗೆಯ ಮೊದಲ ಭಾಗದಲ್ಲಿ, ಕಾಡು ಪೂರ್ತಿಯಾಗಿ ಒಣಗುವುದಕ್ಕೆ ಮುನ್ನವೇ ಹಚ್ಚುತ್ತಿದ್ದುದರಿಂದ ಅದರ ಜ್ವಾಲೆ ನೆಲವನ್ನು ಬಿಟ್ಟು ಮೇಲೇಳುತ್ತಿರಲಿಲ್ಲ. ತರಗನ್ನೂ ಒಣಹುಲ್ಲನ್ನೂ ಸುಟ್ಟು, ದಪ್ಪ ತೊಗಟೆಯ ಮರಗಳನ್ನು ಹಾಗೆಯೇ ಬಿಟ್ಟು, ತಾನೇ ನಂದಿಹೋಗುತ್ತಿತ್ತು. ಅನಂತರ ಎಳೆಹುಲ್ಲು ಚಿಗುರುತ್ತಿತ್ತು. ಪೊದೆಗಳು ತೆರವಾಗಿ ಆನೆ ಕರಡಿಗಳು ದೂರದಿಂದಲೇ ಕಣ್ಣಿಗೆ ಬೀಳುತ್ತಿದ್ದವು. ನೆಲ್ಲಿಯ ಮರವನ್ನು ಹಿಡಿದು ಅದರ ಸಾರವನ್ನು ಹೀರುವ, ಸೋಲಿಗರು ಉಪ್ಪಿಲು ಎಂದು ಕರೆಯುವ ಬಂದಳಿಕೆಯು ಬೆಂಕಿಯ ಝಳಕ್ಕೆ ಸಿಕ್ಕಿ ಹತೋಟಿಯಲ್ಲಿರುತ್ತಿತ್ತು. ಯಾವ ಗ್ರಂಥದಲ್ಲಿಯೂ ಬರೆದಿಡದ ಈ ಕ್ರಮವು ತಲೆಮಾರುಗಳ ನಿರೀಕ್ಷಣೆಯಿಂದ ಸಿದ್ಧವಾದ ಒಂದು ವನಶಾಸ್ತ್ರವೇ ಆಗಿತ್ತೆಂದರೆ ಅತಿಶಯೋಕ್ತಿಯಾಗದು.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕಾಡಿಗೆ ಹೊಸ ಒಡೆಯರು ಬಂದರು. ಹಡಗುಗಳಿಗೂ ರೈಲುಹಳಿಗಳ ಅಡಿಮರಗಳಿಗೂ ತೇಗ ಮೊದಲಾದ ನಾಟಾಗಳನ್ನು ಎಗ್ಗಿಲ್ಲದೆ ಕಡಿದ ಬ್ರಿಟಿಷ್ ಸರ್ಕಾರಕ್ಕೆ, ಇನ್ನು ಕಾಯದಿದ್ದರೆ ಕಡಿಯುವುದಕ್ಕೂ ಉಳಿಯದೆಂಬ ಅರಿವು ಮೂಡಿದ ಕಾಲವದು. ಹಿಂದೆ ನಮ್ಮ ಶಿವಮೊಗ್ಗದ ಸೀಮೆಯಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗ್‌ಹಾರ್ನ್ 1856ರಲ್ಲಿ ಮದರಾಸು ಪ್ರಾಂತದ ಅರಣ್ಯಸಂರಕ್ಷಕನಾದನು. ಅವನ ಕಾಲದಲ್ಲಿಯೇ, ಕಾಡನ್ನು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯಕ್ಕೆ ನಿರ್ಬಂಧ ಬಿಗಿಯಾಯಿತು. 1864ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಡೀಟ್ರಿಚ್ ಬ್ರಾಂಡಿಸ್ ಇಂಡಿಯಾದ ಅರಣ್ಯಗಳ ಪ್ರಥಮ ಮಹಾನಿರೀಕ್ಷಕನಾದನು. ಮೈಸೂರಿನಲ್ಲಿ ಅರಣ್ಯ ಇಲಾಖೆ ಸ್ಥಾಪಿತವಾದುದೂ ಅದೇ ವರ್ಷ. ಮಧ್ಯಪ್ರಾಂತದ ಬೋರಿ ಕಾಡಿನಲ್ಲಿ ಕರ್ನಲ್ ಪಿಯರ್ಸನ್ ಎಂಬಾತನು ಬೆಂಕಿರೇಖೆಗಳನ್ನು ಸವರಿಸಿ ಕಾವಲಿಟ್ಟು ಅಗ್ನಿಯನ್ನು ಹೊರಗಿಡಲು ಸಾಧ್ಯವೆಂದು ತೋರಿಸಿದ ಮೇಲೆ, ಬೆಂಕಿಯೆಂದರೆ ಕಾಡಿನ ಶತ್ರುವೆಂಬ ಸಿದ್ಧಾಂತವು ಇಲಾಖೆಯಲ್ಲಿ ಬೇರೂರಿತು. ಮೀಸಲುಕಾಡಿಗೆ ಬೆಂಕಿಯಿಡುವುದು 1878ರ ಅರಣ್ಯ ಕಾಯಿದೆಯ ಪ್ರಕಾರ ದಂಡನೀಯ ಅಪರಾಧವಾಯಿತು.

ಆ ಸಿದ್ಧಾಂತಕ್ಕೆ ಮೊದಲ ಪೆಟ್ಟು ಬಿದ್ದುದು ಹೊರಗಿನವರಿಂದಲ್ಲ, ಇಲಾಖೆಯ ಒಳಗಿನಿಂದಲೇ. ಬರ್ಮಾದ ತೇಗದ ಕಾಡುಗಳನ್ನು ವರ್ಷಗಟ್ಟಲೆ ಬೆಂಕಿಯಿಂದ ಕಾಪಾಡಿದ ಮೇಲೆ ನೋಡಿದರೆ, ಬಿದಿರೂ ನಿತ್ಯಹರಿದ್ವರ್ಣದ ಪೊದೆಗಳೂ ದಟ್ಟವಾಗಿ ಹಬ್ಬಿ, ಬಿಸಿಲನ್ನೇ ನೆಚ್ಚಿ ಬೆಳೆಯುವ ತೇಗದ ಸಸಿಗಳು ನೆರಳಿನಲ್ಲಿ ಸೊರಗಿದ್ದವು. ಸ್ಲೇಡ್ ಎಂಬ ಅಧಿಕಾರಿಯು 1896ರಲ್ಲಿಯೇ ಬರ್ಮಾದಲ್ಲಿ ಅಗ್ನಿರಕ್ಷೆ ಅತಿಯಾಯಿತೆಂದು ಬರೆದನು. ಚರ್ಚೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದು, 1907ರಿಂದೀಚೆಗೆ ಅಲ್ಲಿಯ ಅನೇಕ ತೇಗದ ಕಾಡುಗಳಲ್ಲಿ ಆ ರಕ್ಷೆಯನ್ನು ಹಿಂದೆಗೆಯಲಾಯಿತು. ಗುಡ್ಡಗಾಡಿನ ಜನ ತಿಳಿದಿದ್ದ ಸಂಗತಿಯನ್ನು ಇಲಾಖೆಯು ಹೀಗೆ ನಷ್ಟದ ಮೂಲಕ ಕಲಿಯಿತು. ಕಲಿತುದನ್ನು ಎಲ್ಲೆಡೆಯೂ ನೆನಪಿನಲ್ಲಿಟ್ಟುಕೊಳ್ಳಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ 1974ರಲ್ಲಿ ಬಿಳಿಗಿರಿರಂಗನ ಬೆಟ್ಟವು ವನ್ಯಧಾಮವೆಂದು ಘೋಷಿತವಾದಾಗ ಬೇಟೆಯೊಡನೆ, ಕುಮರಿಯೊಡನೆ, ತರಗುಬೆಂಕಿಯೂ ನಿಂತುಹೋಯಿತು. ಆ ಹೊತ್ತಿಗೆ, ಅಮೆರಿಕ ಖಂಡದ ಉಷ್ಣಸೀಮೆಯಿಂದ ಉದ್ಯಾನಗಳ ಅಲಂಕಾರಕ್ಕೆಂದು ಬಂದಿದ್ದ ಲಂಟಾನವು ಕಾಡಿನಲ್ಲಿ ಕಾಲೂರಿಯಾಗಿತ್ತು. 1997ರಲ್ಲಿಯೂ 2008ರಲ್ಲಿಯೂ ಅಲ್ಲಿ ನಡೆದ ಸರ್ವೇಕ್ಷಣೆಗಳನ್ನು ಹೋಲಿಸಿದಾಗ, ಲಂಟಾನ ಕಂಡುಬಂದ ತಾಣಗಳು ಸುಮಾರು ಇಮ್ಮಡಿಯಾಗಿದ್ದುದು ತಿಳಿದುಬಂದಿತು. ಈ ಹಬ್ಬುವಿಕೆಗೆ ಬೆಂಕಿಯ ನಿಷೇಧವೇ ಕಾರಣವೆಂದು ಸೋಲಿಗ ಹಿರಿಯರು ಹೇಳುತ್ತಾರೆ. ಉಪ್ಪಿಲು ಹೆಚ್ಚಿ ನೆಲ್ಲಿ ಸಾಯುವುದಕ್ಕೂ ಅವರು ಕೊಡುವ ಕಾರಣ ಅದೇ.

ಬೆಂಕಿ ಬೀಳದೆ ಹೀಗೆ ಕೂಡಿಬಿದ್ದ ತರಗು, ಪೊದೆಗಳ ಇಂಧನದ ಜೊತೆಗೆ ಈಗ ಹವೆಯೂ ಬದಲಾಗುತ್ತಿದೆ. ಉಷ್ಣತೆ ಏರಿದಂತೆಲ್ಲ ಗಾಳಿಯು ನೆಲದ ತೇವವನ್ನು ಬೇಗ ಹೀರುತ್ತದೆ. ಮಳೆ ಕೈಕೊಟ್ಟ ವರ್ಷದ ಬೆನ್ನಿಗೆ ಬರುವ ಬೇಸಗೆಯಲ್ಲಿ ಕಾಡು ಉರಿಯಲು ಸಿದ್ಧವಾಗಿರುವ ದಿನಗಳು ಹೆಚ್ಚುತ್ತವೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಎದ್ದ ಕಾಳ್ಗಿಚ್ಚು ಕೆಲವೇ ದಿನಗಳಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕ ಪ್ರದೇಶವನ್ನು ವ್ಯಾಪಿಸಿತು. ಅದನ್ನು ಆರಿಸಲು ವಾಯುಸೇನೆಯ ಹೆಲಿಕಾಪ್ಟರುಗಳು ನೀರು ಹೊತ್ತು ಬರಬೇಕಾಯಿತು. ಕಿಡಿ ಯಾರ ಕೈಯದೇ ಆಗಿರಲಿ, ಸಾಲಕ್ಕೆ ಬಡ್ಡಿ ಬೆಳೆದಂತೆ ವರ್ಷವರ್ಷವೂ ಬೆಳೆದ ಒಣರಾಶಿಯಿಲ್ಲದೆ ಕಿಡಿಯೊಂದರಿಂದಲೇ ಅಷ್ಟು ದೊಡ್ಡ ಉರಿ ಹುಟ್ಟದು.

ಹಾಗೆಂದು, ಹಳೆಯ ಬೆಂಕಿಯನ್ನು ಹಾಗೆಯೇ ಮತ್ತೆ ಹಚ್ಚಿಬಿಡೋಣವೆನ್ನುವುದು ಅವಿವೇಕವಾದೀತು. ಲಂಟಾನ ತುಂಬಿದ ಕಡೆ ಬೆಂಕಿಯು ಪೊದೆಯನ್ನು ಹತ್ತಿ ಮರದ ತಲೆಯನ್ನು ಮುಟ್ಟುವುದರಿಂದ ಮೊದಲು ಅದನ್ನು ಬುಡಸಹಿತ ಕೀಳಬೇಕು. ಬೆಟ್ಟದ ಮೇಲಣ ಶೋಲೆಕಾಡುಗಳಿಗೂ ನಿತ್ಯಹರಿದ್ವರ್ಣದ ಕಾಡಿಗೂ ಬೆಂಕಿ ಎಂದಿಗೂ ಸಲ್ಲದು. ಆದರೆ ಎಲೆಯುದುರುವ ಒಣ ಕಾಡಿನಲ್ಲಿ ಬೆಂಕಿ ಬೀಳಬೇಕೇ ಬೇಡವೇ ಎಂಬ ಆಯ್ಕೆ ನಮ್ಮ ಕೈಯಲ್ಲಿಲ್ಲ. ಅದು ಚಿಕ್ಕದಾಗಿ ಸಕಾಲದಲ್ಲಿ ಬೀಳಬೇಕೇ, ದೊಡ್ಡದಾಗಿ ಅಕಾಲದಲ್ಲಿ ಬೀಳಬೇಕೇ ಎಂಬುದಷ್ಟೇ ನಮಗುಳಿದ ಆಯ್ಕೆ. 2011ರಲ್ಲಿ ಹುಲಿಧಾಮವಾದ ಬಿಳಿಗಿರಿರಂಗನ ಬೆಟ್ಟದಲ್ಲಿ ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯದ ಸಾಮುದಾಯಿಕ ಹಕ್ಕುಗಳು ಮಾನ್ಯವಾಗಿವೆ. ಕಿರುಉತ್ಪನ್ನಗಳನ್ನು ಆಯುವುದಕ್ಕಷ್ಟೇ ಆ ಹಕ್ಕನ್ನು ಸೀಮಿತಗೊಳಿಸದೆ, ಯಾವ ಕಾಡಿಗೆ ಯಾವ ತಿಂಗಳಲ್ಲಿ ಎಷ್ಟು ಬೆಂಕಿ ತಕ್ಕುದೆಂದು ಗೊತ್ತುಮಾಡುವಾಗ ಸೋಲಿಗ ಹಿರಿಯರನ್ನೂ ಇಲಾಖೆಯು ಜೊತೆಗೆ ಕೂರಿಸಿಕೊಳ್ಳಬೇಕು. ಆ ಜ್ಞಾನವುಳ್ಳವರು ಬದುಕಿರುವಾಗಲೇ ಈ ಕೆಲಸ ಆಗಬೇಕು.