ಗಾರ್ಡು ತೆಗೆದವರು ಯಾರು?



ಪಿನ್ನರ್ ಮೆಮೋರಿಯಲ್ ಪಾರ್ಕಿನಲ್ಲಿ 2016ರಲ್ಲಿ ತೆರೆದ ಹೀತ್ ರಾಬಿನ್ಸನ್ ಮ್ಯೂಸಿಯಂಗೆ ನಿಮ್ಮಲ್ಲಿ ಕೆಲವರಾದರೂ ಹೋಗಿರುತ್ತೀರಿ. ಆ ಚಿತ್ರಕಾರ 1913ರಿಂದ 1918ರವರೆಗೆ ಇದೇ ಊರಿನ ಮಾಸ್ ಲೇನ್‌ನಲ್ಲಿ ವಾಸವಾಗಿದ್ದ. ಹಗ್ಗ, ರಾಟೆ, ಗಂಟು ಹಾಕಿದ ದಾರಗಳಿಂದ ನಡೆಯುವ ವಿಚಿತ್ರ ಯಂತ್ರಗಳನ್ನು ಬರೆದು ನಗಿಸಿದವನು. ಆ ಚಿತ್ರಗಳನ್ನು ನೋಡಿದಾಗಲೆಲ್ಲ ನನಗೆ ನಮ್ಮವರ ಒಂದು ಮಾತು ನೆನಪಾಗುತ್ತದೆ: "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಕಳೆದ ಬೇಸಿಗೆಯಲ್ಲಿ ನಾನೂ ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡೆ. ಗ್ಯಾರೇಜಿನಲ್ಲಿ ಪುಸ್ತಕದ ಶೆಲ್ಫ್ ಮಾಡಲು ಹೊರಟಿದ್ದೆ. ಟೇಬಲ್ ಗರಗಸದ ಮೇಲಿನ ಗಾರ್ಡು ಪೆನ್ಸಿಲ್ ಗೆರೆ ಕಾಣದಂತೆ ಅಡ್ಡ ಬರುತ್ತಿತ್ತು, ಬಿಚ್ಚಿಟ್ಟೆ. ಅದರ ಜೊತೆಗೆ ಅಲಗಿನ ಹಿಂದೆ ನಿಂತಿರುವ ತೆಳ್ಳನೆಯ ಉಕ್ಕಿನ ತಗಡೂ ಹೊರಬಂತು. ಮೂರು ಹಲಗೆ ಸರಾಗವಾಗಿ ಕೊಯ್ದವು. ನಾಲ್ಕನೆಯದರಲ್ಲಿ ಸೀಳು ಮುಚ್ಚಿಕೊಂಡು ಅಲಗನ್ನು ಹಿಡಿಯಿತು. ಹಿಂಬದಿಯ ಹಲ್ಲುಗಳು ಹಲಗೆಯನ್ನು ಎತ್ತಿ ನನ್ನ ಕಡೆಗೇ ಎಸೆದವು. ಅದು ಪಕ್ಕೆ ಸವರಿಕೊಂಡು ಹೋಗಿ ಗ್ಯಾರೇಜಿನ ಬಾಗಿಲಿಗೆ ಬಡಿಯಿತು. ಸದ್ದು ಕೇಳಿ ಓಡಿಬಂದ ಹೆಂಡತಿಗೆ "ನನ್ನದೇ ಅಜಾಗರೂಕತೆ" ಅಂದೆ. ಅವಳು ಬೆಂಚಿನ ಮೇಲಿದ್ದ ಗಾರ್ಡು ನೋಡಿ, "ಅಜಾಗರೂಕತೆ ಸರಿ, ಇದನ್ನು ತೆಗೆದವರು ಯಾರು?" ಅಂದಳು.

ಅಪಘಾತಕ್ಕೆ ಮನುಷ್ಯನ ಅಜಾಗರೂಕತೆ ಕಾರಣವೋ, ಗಾರ್ಡು ಇಲ್ಲದ ಯಂತ್ರವೋ? ಈ ಪ್ರಶ್ನೆ ನಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ. ಈ ದೇಶದಲ್ಲಿ ಅದಕ್ಕೆ ಹೆಚ್ಚು ಕಡಿಮೆ ಇನ್ನೂರು ವರ್ಷಗಳ ಚರಿತ್ರೆಯಿದೆ.

ಅದಕ್ಕೂ ಮೊದಲಿನ ಕಾಲವನ್ನು ಒಮ್ಮೆ ನೆನೆಯಿರಿ. ನಿಮ್ಮ ಮನೆಯ ಶೋಕೇಸಿನಲ್ಲಿ ಚನ್ನಪಟ್ಟಣದ ಬಣ್ಣದ ಬೊಂಬೆ ಇರಬಹುದು. ಅಂಥ ಬೊಂಬೆಗಳನ್ನು ಹಿಂದೆ ಕಮಾನಿನ ದಾರದಿಂದ ತಿರುಗಿಸುವ ಕೈಲೇತಿನಲ್ಲಿ ಕಡೆಯುತ್ತಿದ್ದರು. ಕೈ ಎಳೆದರೆ ಮರ ತಿರುಗುತ್ತದೆ, ಕೈ ನಿಂತರೆ ಮರವೂ ನಿಲ್ಲುತ್ತದೆ. ಮೋಟಾರು ಈ ನಂಟನ್ನು ಕಡಿಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿಗೆ ಬಂತು. ಅಲ್ಲಿಂದ ಮುಂದೆ ಯಂತ್ರಕ್ಕೆ ನಮ್ಮ ಕೈಯ ದಣಿವೂ ಗೊತ್ತಿಲ್ಲ, ಮನಸ್ಸಿನ ಅಲೆದಾಟವೂ ಗೊತ್ತಿಲ್ಲ.

ಇಂಗ್ಲೆಂಡಿಗೆ ಈ ಸಂಕಟ ಉಗಿಯಂತ್ರದ ಜೊತೆಗೇ ಬಂದಿತ್ತು. 1833ರ ಕಾಯ್ದೆ ಇಡೀ ದೇಶದ ಗಿರಣಿಗಳಿಗೆ ನಾಲ್ವರು ಇನ್‌ಸ್ಪೆಕ್ಟರುಗಳನ್ನು ಕೊಟ್ಟಿತು. 1844ರ ಕಾಯ್ದೆ ಯಂತ್ರಗಳ ಅಪಾಯದ ಭಾಗಗಳಿಗೆ ಬೇಲಿ ಕಟ್ಟಬೇಕೆಂದಿತು. ಗಿರಣಿ ಮಾಲೀಕರಿಗೆ ಇದು ಹಿಡಿಸಲಿಲ್ಲ. 1855ರಲ್ಲಿ ಸಂಘ ಕಟ್ಟಿ ವಿರೋಧಿಸಿದರು. ಹೆಸರಾಂತ ಲೇಖಕಿ ಹ್ಯಾರಿಯೆಟ್ ಮಾರ್ಟಿನೊ ಅವರ ಪರವಾಗಿ ಪುಸ್ತಿಕೆ ಬರೆದರು. ಅಪಘಾತಗಳಿಗೆ ಕೆಲಸಗಾರರ ಅಜಾಗರೂಕತೆಯೇ ಕಾರಣ, ಕಾನೂನು ಅಲ್ಲಿ ಮೂಗು ತೂರಿಸಬಾರದು ಎಂಬುದು ಅವರ ವಾದ. ಎದುರು ಪಕ್ಷದಲ್ಲಿದ್ದವರು ನೀವು ಶಾಲೆಯಲ್ಲಿ ಓದುವ ಚಾರ್ಲ್ಸ್ ಡಿಕನ್ಸ್. ತಮ್ಮ ವಾರಪತ್ರಿಕೆಯಲ್ಲಿ ಗಿರಣಿಯ ಶಾಫ್ಟಿಗೆ ಸಿಕ್ಕಿ ನಜ್ಜುಗುಜ್ಜಾದವರ ಕಥೆಗಳನ್ನು ಅವರು ಮತ್ತೆ ಮತ್ತೆ ಪ್ರಕಟಿಸಿದರು. ಆ ಸುತ್ತಿನಲ್ಲಿ ಗೆದ್ದವರು ಮಾಲೀಕರು. 1856ರಲ್ಲಿ ಬೇಲಿಯ ನಿಯಮವನ್ನು ಸಡಿಲಿಸಲಾಯಿತು.

ಉತ್ತರ ಬದಲಾಗಲು ಎಂಬತ್ತು ವರ್ಷ ಹಿಡಿಯಿತು. 1937ರಲ್ಲಿ ಬ್ಲೆಚ್ಲಿಯ ಇಟ್ಟಿಗೆ ಕಂಪನಿಯೊಂದರ ಮೊಕದ್ದಮೆಯಲ್ಲಿ ನ್ಯಾಯಾಧೀಶರು ಅಪಾಯಕಾರಿ ಯಂತ್ರ ಯಾವುದೆಂದು ಹೇಳಿದರು. ಮನುಷ್ಯರು ಸಹಜವಾಗಿ ಹೇಗೆ ನಡೆದುಕೊಳ್ಳುತ್ತಾರೋ ಹಾಗೆ ನಡೆದುಕೊಂಡಾಗ ಯಾರಿಗಾದರೂ ಪೆಟ್ಟು ಮಾಡಬಹುದಾದ ಯಂತ್ರವೇ ಅಪಾಯಕಾರಿ ಎಂಬುದು ಅದರ ಸಾರ. ಮನುಷ್ಯ ಆಕಳಿಸುತ್ತಾನೆ, ಮೈಮರೆಯುತ್ತಾನೆ, ಯಾರೋ ಕರೆದರೆ ತಿರುಗಿ ನೋಡುತ್ತಾನೆ. ಅದನ್ನೂ ಲೆಕ್ಕಕ್ಕೆ ಹಿಡಿದೇ ಗಾರ್ಡು ಹಾಕಬೇಕು. 1955ರಲ್ಲಿ ಇನ್ನೊಂದು ಮೊಕದ್ದಮೆ ಹೌಸ್ ಆಫ್ ಲಾರ್ಡ್ಸ್ ತನಕ ಹೋಯಿತು. ಉಕ್ಕಿನ ಕಾರ್ಖಾನೆಯ ಕೆಲಸಗಾರನೊಬ್ಬನ ಹೆಬ್ಬೆರಳು ತಿರುಗುವ ಸಾಣೆಕಲ್ಲಿಗೆ ತಗುಲಿತ್ತು. ಕಲ್ಲನ್ನು ಪೂರ್ತಿ ಮುಚ್ಚಿದರೆ ಸಾಣೆ ಹಿಡಿಯುವುದು ಹೇಗೆ ಎಂದು ಕಂಪನಿ ಕೇಳಿತು. ಯಂತ್ರ ಉಪಯೋಗಕ್ಕೆ ಬಾರದಂತಾದರೂ ಸರಿಯೇ, ಭದ್ರವಾಗಿ ಮುಚ್ಚಬೇಕೆಂದು ಕಾನೂನು ಹೇಳಿದ ಮೇಲೆ ಮುಚ್ಚಲೇಬೇಕು ಎಂದು ತೀರ್ಪು ಬಂತು. ಸಾಣೆಕಲ್ಲನ್ನು ಸುರಕ್ಷಿತವಾಗಿ ಬಳಸುವ ಪ್ರತ್ಯೇಕ ನಿಯಮಗಳು 1970ರಲ್ಲಿ ಬಂದವು.

ಇಂದಿನ ಒಂದೊಂದು ಸುರಕ್ಷಾ ಸಾಧನದ ಹಿಂದೆಯೂ ಯಾರದೋ ಮರೆವಿದೆ. ನಾನು ಬಿಚ್ಚಿಟ್ಟ ಆ ತೆಳ್ಳನೆಯ ತಗಡು ಸೀಳು ಮುಚ್ಚದಂತೆ ತಡೆಯುವುದಕ್ಕೇ ಇರುವುದು. ಹಸಿರು, ಕೆಂಪು ಗುಂಡಿಗಳ 'ನೋ-ವೋಲ್ಟ್' ಸ್ವಿಚ್ಚಿನ ಬೆಲೆ ಪಿನ್ನರ್‌ನಲ್ಲಿ ಗೊತ್ತಾಗುವುದಿಲ್ಲ, ಊರಿಗೆ ಹೋದಾಗ ಗೊತ್ತಾಗುತ್ತದೆ. ಕರೆಂಟು ಹೋಯಿತು, ಸ್ವಿಚ್ಚು ಆನ್ ಆಗಿಯೇ ಉಳಿಯಿತು. ಬಡಗಿ ಹೊಟ್ಟು ತೆಗೆಯಲು ಅಲಗಿನ ಹತ್ತಿರ ಕೈ ಇಟ್ಟ. ಅಷ್ಟರಲ್ಲಿ ಕರೆಂಟು ಬಂತು! ಈ ಸ್ವಿಚ್ಚಿದ್ದರೆ ಮತ್ತೆ ಹಸಿರು ಗುಂಡಿ ಒತ್ತುವ ತನಕ ಯಂತ್ರ ಅಲ್ಲಾಡುವುದಿಲ್ಲ. 1999ರಲ್ಲಿ ಅಮೆರಿಕದ ಸ್ಟೀವ್ ಗ್ಯಾಸ್ ಬೆರಳನ್ನೇ ಗುರುತಿಸುವ ಗರಗಸ ಕಂಡುಹಿಡಿದರು. ಅಲಗಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಚರ್ಮ ತಾಗಿದೊಡನೆ ಸಂಕೇತ ಬದಲಾಗಿ, ಅಲ್ಯೂಮಿನಿಯಂ ತುಂಡೊಂದು ಹಲ್ಲುಗಳಿಗೆ ನುಗ್ಗಿ, ಸುಮಾರು 5 ಮಿಲಿಸೆಕೆಂಡಿನಲ್ಲಿ ಅಲಗು ನಿಲ್ಲುತ್ತದೆ. ಆದರೆ ಒದ್ದೆ ಮರ ಕೊಯ್ಯುವಾಗ ಸುಮ್ಮನೆ ನಿಂತುಬಿಡಬಾರದೆಂದು ಈ ಕಾವಲನ್ನು ಬೇಕೆಂದೇ ಆರಿಸುವ ವ್ಯವಸ್ಥೆಯೂ ಅದರಲ್ಲಿದೆ. ಎಷ್ಟೇ ಜಾಣ ಯಂತ್ರವಾದರೂ ಕೊನೆಯ ಕೀಲಿ ನಮ್ಮ ಕೈಯಲ್ಲೇ.

ಭಾರತದಲ್ಲೂ ಕಾನೂನಿಗೆ ಕೊರತೆಯಿಲ್ಲ. 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಂ ಯಂತ್ರಕ್ಕೆ ಬೇಲಿ ಕಟ್ಟುವ ಹೊಣೆ ಹೊರಿಸಿತು. 111ನೇ ಕಲಂ ಆ ಸಾಧನದ ಜೊತೆ ಬೇಕೆಂದೇ ಚೆಲ್ಲಾಟ ಆಡಬೇಡ ಎಂದು ಕೆಲಸಗಾರನಿಗೆ ಹೇಳಿತು. ಒಕ್ಕಣೆ ಯಂತ್ರಕ್ಕೆ ಪೈರು ತಳ್ಳುವಾಗ ರೈತರ ಕೈಗಳೇ ಹೋಗತೊಡಗಿದ ಮೇಲೆ 1983ರಲ್ಲಿ ಅಪಾಯಕಾರಿ ಯಂತ್ರಗಳಿಗೆಂದೇ ಕಾಯ್ದೆ ಬಂತು. ಆದರೂ ಊರಿನಲ್ಲಿ ಮನೆ ಕಟ್ಟುವ ಕಡೆ ಹೋಗಿ ನೋಡಿ. ಕೈಯಲ್ಲಿ ಹಿಡಿಯುವ ಕಟಿಂಗ್ ಮಷೀನನ್ನು ಹಲಗೆಯ ಕೆಳಗೆ ತಲೆಕೆಳಗಾಗಿ ಬಿಗಿದು, ಸ್ವಿಚ್ಚಿಗೆ ದಾರ ಸುತ್ತಿ, ಟೇಬಲ್ ಗರಗಸ ಮಾಡಿಕೊಂಡಿರುತ್ತಾರೆ. ಹೀತ್ ರಾಬಿನ್ಸನ್‌ನ ಚಿತ್ರವೇ! ಆದರೆ ನಗು ಬರುವುದಿಲ್ಲ. ಅಲ್ಲಿಯ ಬಡಗಿಗೆ ಬುದ್ಧಿ ಕಡಿಮೆಯೆಂದಲ್ಲ. ಸರಿಯಾದ ಯಂತ್ರದ ಬೆಲೆ ಹೆಚ್ಚು, ಕೆಲಸ ಇವತ್ತೇ ಮುಗಿಯಬೇಕು.

ನನಗಾದರೋ ಆ ನೆಪವೂ ಇರಲಿಲ್ಲ. ಸರಿಯಾದ ಯಂತ್ರವಿತ್ತು, ಗಾರ್ಡಿತ್ತು, ಬೇಕಾದಷ್ಟು ಸಮಯವಿತ್ತು. ಈ ದೇಶದ 1974ರ ಕಾಯ್ದೆ ಕೆಲಸದ ಜಾಗಗಳನ್ನು ಕಾಯುತ್ತದೆ. ನಮ್ಮ ಗ್ಯಾರೇಜಿನ ಹವ್ಯಾಸವನ್ನು ಕಾಯಲು ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಅಲ್ಲಿ ಮಾಲೀಕರೂ ನಾವೇ, ಕೆಲಸಗಾರರೂ ನಾವೇ, ಇನ್‌ಸ್ಪೆಕ್ಟರೂ ನಾವೇ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಜಾಗರೂಕರಾಗಿರಿ ಎಂದಷ್ಟೇ ನಾನು ಹೇಳುವುದಿಲ್ಲ, ಅದು ಹಳೆಯ ಗಿರಣಿ ಮಾಲೀಕರ ಮಾತು. ಮನಸ್ಸು ಚೆನ್ನಾಗಿ ಎಚ್ಚರವಿದ್ದಾಗಲೇ, ಮೈಮರೆಯುವ ಆ ಒಂದು ಕ್ಷಣಕ್ಕಾಗಿ ಗಾರ್ಡು ಹಾಕಿಡಿ. ನವರಾತ್ರಿಯಲ್ಲಿ ಅಮ್ಮ ಕಾರಿಗೂ ಲ್ಯಾಪ್‌ಟಾಪಿಗೂ ಕುಂಕುಮ ಇಟ್ಟು ಆಯುಧಪೂಜೆ ಮಾಡುವಾಗ ಗ್ಯಾರೇಜಿಗೂ ಕರೆದುಕೊಂಡು ಹೋಗಿ. ಪ್ಲಗ್ಗು ಕಿತ್ತು, ಹೊಟ್ಟು ಒರೆಸಿ, ಗಾರ್ಡಿನ ತಿರುಪು ಬಿಗಿಯಾಗಿದೆಯೇ ನೋಡಿ. ಕುಂಕುಮ ಆಮೇಲೆ.

ನನ್ನ ಶೆಲ್ಫ್ ಮುಗಿಯಿತು. ಗ್ಯಾರೇಜಿನ ಬಾಗಿಲಿನಲ್ಲಿ ಆ ಹಲಗೆ ಬಡಿದ ಗುರುತು ಹಾಗೇ ಇದೆ. ಬಣ್ಣ ಹೊಡೆಯುವುದು ಬೇಡ ಅಂದಿದ್ದಾಳೆ ಹೆಂಡತಿ.