ಒಂದೇ ತರಗತಿ, ಹಲವು ಮಟ್ಟ

ಒಂದೇ ತರಗತಿಯಲ್ಲಿ ಒಬ್ಬಳು ಕಥೆ ಓದುತ್ತಾಳೆ, ಪಕ್ಕದವನಿಗೆ ಅಕ್ಷರ ಕೂಡಿಸಲು ಬರುವುದಿಲ್ಲ. ಈ ಅಂತರಕ್ಕೆ ಹೈದರಾಬಾದಿನ ಶಿಕ್ಷಣ ವ್ಯವಸ್ಥೆ ಬಹುಕಾಲ ಕೊಟ್ಟ ಉತ್ತರ ಬೇರ್ಪಡಿಸುವುದು. 1971ರಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿ ಪಿ.ವಿ. ನರಸಿಂಹರಾವ್ ನಲ್ಗೊಂಡ ಜಿಲ್ಲೆಯ ಸರ್ವೇಲಿನಲ್ಲಿ ಆರಂಭಿಸಿದ ವಸತಿಶಾಲೆ ಹಳ್ಳಿಯ ಪ್ರತಿಭಾವಂತರನ್ನು ಆರಿಸಿ ಬೆಳೆಸಿತು. ಅದರಿಂದ ಬಡ ಮಕ್ಕಳಿಗಾದ ಉಪಕಾರ ದೊಡ್ಡದು. ಆದರೆ ಆಯ್ಕೆಯಾಗದೆ ಉಳಿದವರ ಪಾಡೇನು? ಅಂಕ ನೋಡಿ ಸೆಕ್ಷನ್ ಮಾಡುವ ಇಂದಿನ ಖಾಸಗಿ ಶಾಲೆಗಳೂ ಈ ಪ್ರಶ್ನೆಯನ್ನು ಮುಟ್ಟುವುದಿಲ್ಲ.

ಮುಟ್ಟಿದವರು ಬೇರೆ ಕಡೆ ಇದ್ದರು. ರಿಷಿವ್ಯಾಲಿ ಶಾಲೆಯಲ್ಲಿ ಪಾಠ ಮಾಡಿದ್ದ ಡೇವಿಡ್ ಹಾರ್ಸ್‌ಬರ್ಗ್ 1972ರಲ್ಲಿ ಕೋಲಾರ ಜಿಲ್ಲೆಯ ರಾಯಲಪಾಡಿನ ಬಳಿ ನೀಲ್‌ಬಾಗ್ ಶಾಲೆ ತೆರೆದು, ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂತು ತಮ್ಮ ತಮ್ಮ ವೇಗದಲ್ಲಿ ಕಲಿಯುವುದಕ್ಕೆ ಅವಕಾಶ ಮಾಡಿದರು. ಮುಂದೆ ರಿಷಿವ್ಯಾಲಿಯ ಪದ್ಮನಾಭರಾವ್ ಮತ್ತು ರಮಾ ದಂಪತಿ ಏಕೋಪಾಧ್ಯಾಯ ಶಾಲೆಗಳಿಗಾಗಿ ಕಲಿಕಾ ಏಣಿ ಮತ್ತು ಕಾರ್ಡುಗಳನ್ನು ರೂಪಿಸಿದರು.

ಅದನ್ನು ನೋಡಿಬಂದ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಕನ್ನಡದ್ದೇ ಆದ ರೂಪ ಕಟ್ಟಿದರು, ಅದೇ ನಲಿಕಲಿ. ಇಲ್ಲಿ ಮಗು ಏಣಿಯಲ್ಲಿ ತಾನಿರುವ ಮೈಲಿಗಲ್ಲು ನೋಡಿ, ಅಲ್ಲಿರುವ ಚಿಹ್ನೆಯ ಕಾರ್ಡು ಎತ್ತಿಕೊಂಡು ತನ್ನ 'ತಟ್ಟೆ'ಗೆ ಹೋಗುತ್ತದೆ. ತಟ್ಟೆ ಎಂದರೆ ಗುಂಪು. ಅವು ಐದು: ಶಿಕ್ಷಕರ ಪೂರ್ಣ ನೆರವಿನದು, ಭಾಗಶಃ ನೆರವಿನದು, ಸಹಪಾಠಿಗಳ ನೆರವಿನ ಎರಡು, ಕೊನೆಯದು ಸ್ವಕಲಿಕೆ. ಕಾರ್ಡು ಮುಗಿದರೆ ತಟ್ಟೆ ಬದಲು. ಒಂದು ವಾರ ಜ್ವರ ಬಂದು ಮಲಗಿದ್ದ ಮಗು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ, ಪಾಠ ತಪ್ಪಿತೆಂಬ ಭಯವಿಲ್ಲ. ಗುಂಪು ಯಾರ ಹಣೆಗೂ ಅಂಟುವುದಿಲ್ಲ. ಈ ಇಡೀ ಚಳವಳಿಯ ಅತ್ಯಂತ ಬೆಲೆಬಾಳುವ ತಿಳಿವಳಿಕೆ ಇದೇ ಎಂದು ನನ್ನ ನಂಬಿಕೆ. 2009-10ರಲ್ಲಿ ನಲಿಕಲಿ ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೆ ವಿಸ್ತರಿಸಿತು. ತಾವೇ ಕಟ್ಟಿದ ಶಿಕ್ಷಕರಲ್ಲಿದ್ದ ಹುರುಪು, ಆದೇಶ ಬಂದು ಕಲಿಸಿದವರಲ್ಲಿ ಎಲ್ಲೆಡೆ ಇರಲಿಲ್ಲ ಎಂಬುದನ್ನೂ ಹೇಳಲೇಬೇಕು.

ಹೈದರಾಬಾದಿನ ಸ್ವಂತ ಕೊಡುಗೆ ಎರಡು ದಾರಿಗಳಿಂದ ಬಂತು. 1984ರಲ್ಲಿ ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ ಆರಂಭವಾದ ರಾಷ್ಟ್ರೀಯ ಸಂಸ್ಥೆ ಬೌದ್ಧಿಕ ಸಾಮರ್ಥ್ಯ ಕಡಿಮೆಯಿರುವ ಮಕ್ಕಳಿಗಾಗಿ ಒಂದು ಪರಿಶೀಲನಾ ಪಟ್ಟಿ ಸಿದ್ಧಪಡಿಸಿತು. ಊಟ, ಬಟ್ಟೆ, ಮಾತು, ಎಣಿಕೆ, ಹೀಗೆ ಒಂದೊಂದು ಕೌಶಲದಲ್ಲಿ ಮಗು ಎಲ್ಲಿದೆ ಎಂದು ಶಿಕ್ಷಕಿ ಗುರುತಿಸಿ, ಅಲ್ಲಿಂದ ಆ ಮಗುವಿಗೇ ಪ್ರತ್ಯೇಕ ಗುರಿ ಬರೆಯುತ್ತಾಳೆ. ಸಾಮಾನ್ಯ ಶಾಲೆಗಳು ಈ ಶಿಸ್ತನ್ನು ಕಲಿತಿಲ್ಲ, ಕಲಿಯಬೇಕು.

ಇನ್ನೊಂದು ದಾರಿ ಎಂ. ವೆಂಕಟರಂಗಯ್ಯ ಪ್ರತಿಷ್ಠಾನದ್ದು. 1991ರಿಂದ ನಗರದ ಮಗ್ಗುಲಿನ ರಂಗಾರೆಡ್ಡಿ ಜಿಲ್ಲೆಯಲ್ಲಿ ಶಾಂತಾ ಸಿನ್ಹಾ ಮತ್ತು ಸಂಗಡಿಗರು ದುಡಿಮೆಯಿಂದ ಬಿಡಿಸಿದ ಮಕ್ಕಳನ್ನು ಸೇತುಬಂಧ ಶಿಬಿರಗಳಲ್ಲಿ ಸಿದ್ಧಗೊಳಿಸಿ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿದರು. ಹನ್ನೆರಡರ ಹುಡುಗಿಯನ್ನು ಒಂದನೇ ತರಗತಿಯಲ್ಲಿ ಕೂರಿಸಿ ಅವಮಾನಿಸಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ವಯಸ್ಸಿಗೆ ತಕ್ಕ ತರಗತಿ, ಜೊತೆಗೆ ವಿಶೇಷ ತರಬೇತಿ ಎಂಬ ಇದೇ ವಿಚಾರ ಕಾನೂನಾಯಿತು.

ವಿಷಯ, ಕಲಿಯುವ ವಿಧಾನ, ಕಲಿತದ್ದನ್ನು ತೋರಿಸುವ ಬಗೆ ಈ ಮೂರನ್ನೂ ಮಗುವಿಗೆ ತಕ್ಕಂತೆ ಬದಲಿಸಬೇಕೆಂದು ಅಮೆರಿಕದ ಕರೋಲ್ ಆನ್ ಟಾಮ್ಲಿನ್ಸನ್ 1990ರ ದಶಕದಲ್ಲಿ ವಾದಿಸಿದರು. ಇಂದಿನ ತರಬೇತಿ ಶಿಬಿರಗಳಲ್ಲಿ ಅವರ ಹೆಸರು ಕೇಳಿಬರುತ್ತದೆ, ನೀಲ್‌ಬಾಗ್‌ನ ಹೆಸರು ಕಡಿಮೆ. ತರಗತಿ ಬಿಟ್ಟು ಓದಿನ ಮಟ್ಟ ನೋಡಿ ಗುಂಪು ಮಾಡುವ ಪ್ರಥಮ್ ಸಂಸ್ಥೆಯ ಕ್ರಮ ಹಲವು ರಾಜ್ಯಗಳಿಗೆ ಹರಡಿತು. ಕೊರೊನಾ ಕಾಲದ ನಷ್ಟದ ನಂತರ ಕರ್ನಾಟಕ 'ಕಲಿಕಾ ಚೇತರಿಕೆ' ಕಾರ್ಯಕ್ರಮ ನಡೆಸಿತು. ತೆಲಂಗಾಣ 2022ರಲ್ಲಿ ಪ್ರಾಥಮಿಕ ತರಗತಿಗಳಿಗೆ 'ತೊಲಿಮೆಟ್ಟು' (ಮೊದಲ ಮೆಟ್ಟಿಲು) ಕಾರ್ಯಕ್ರಮ ತಂದಿತು.

ಇಷ್ಟು ವರ್ಷಗಳ ಅನುಭವದಲ್ಲಿ ವಿಧಾನಗಳಿಗೆ ಕೊರತೆಯಿಲ್ಲ, ಶಿಕ್ಷಕರ ಸಮಯಕ್ಕಿದೆ. ಸಮೀಕ್ಷೆ, ಚುನಾವಣಾ ಕೆಲಸ, ದಾಖಲೆ ತುಂಬುವುದರಲ್ಲಿ ದಿನ ಕಳೆದರೆ ಪೂರ್ಣ ನೆರವಿನ ತಟ್ಟೆಯ ಬಳಿ ಕೂರುವವರು ಯಾರು? ಹಿಂದುಳಿದ ಮಗುವಿನ ಪಕ್ಕ ಶಿಕ್ಷಕರು ದಿನಕ್ಕೆ ಎಷ್ಟು ಹೊತ್ತು ಕೂರುತ್ತಾರೆ ಎಂದು ಪಾಲಕರು ಮುಂದಿನ ಸಭೆಯಲ್ಲಿ ಕೇಳಲಿ. ಇಲಾಖೆಗಳು ಆ ಹೊತ್ತನ್ನು ಅವರಿಗೆ ಬಿಟ್ಟುಕೊಡಲಿ.