ಇಫೆಯ ಶಿರೋವಿಗ್ರಹಗಳು ಮತ್ತು ಅವುಗಳ ಕರ್ತೃತ್ವ ವಿಚಾರ

ಪಶ್ಚಿಮ ಆಫ್ರಿಕದ ನೈಜೀರಿಯ ದೇಶದ ನೈಋತ್ಯ ಭಾಗದಲ್ಲಿರುವ ಇಫೆ ಎಂಬ ನಗರವು ಯೊರುಬಾ ಜನರ ಮೂಲಸ್ಥಾನವೆಂದು ಪ್ರಸಿದ್ಧವಾದುದು. ಆದಿಯಲ್ಲಿ ಎಲ್ಲೆಲ್ಲಿಯೂ ನೀರೇ ತುಂಬಿರಲು, ಒಡುಡುವಾ ಎಂಬಾತನು ಸರಪಣಿಯ ಮೂಲಕ ಆಕಾಶದಿಂದ ಇಳಿದು, ತಾನು ತಂದ ಮಣ್ಣನ್ನು ನೀರಿನ ಮೇಲೆ ಸುರಿದು, ಐದು ಬೆರಳಿನ ಕೋಳಿಯೊಂದರಿಂದ ಅದನ್ನು ಕೆದರಿಸಿ ಭೂಮಿಯನ್ನು ಹರಡಿದನೆಂದೂ, ಆ ಸ್ಥಳವೇ ಇಫೆಯೆಂದೂ ಅವರ ಪುರಾಣವು ಹೇಳುತ್ತದೆ. ಇಲ್ಲಿಯ ಅರಸನಿಗೆ ‘ಓನಿ’ ಎಂದು ಹೆಸರು. ಈ ನಗರದ ನೆಲದಿಂದ ಹೊರಬಂದ ಲೋಹದ ಮತ್ತು ಸುಟ್ಟ ಮಣ್ಣಿನ ಶಿರೋವಿಗ್ರಹಗಳು ಪ್ರಪಂಚದ ಶಿಲ್ಪಕಲೆಯಲ್ಲಿ ಉನ್ನತವಾದ ಸ್ಥಾನವನ್ನು ಪಡೆದಿವೆ. ಆದರೆ ಇವುಗಳನ್ನು ಮಾಡಿದವರು ಯಾರೆಂಬ ಪ್ರಶ್ನೆಗೆ ೨೦ನೆಯ ಶತಮಾನದ ಆದಿಯಲ್ಲಿ ದೊರೆತ ಉತ್ತರವು ವಿಚಿತ್ರವಾದುದು. ಆ ಉತ್ತರವು ಹೇಗೆ ಹುಟ್ಟಿತು, ಹೇಗೆ ಬಿದ್ದುಹೋಯಿತು ಎಂಬುದನ್ನು ಪರಿಶೀಲಿಸುವುದು ಕಲೆಯ ಚರಿತ್ರೆಗೆ ಮಾತ್ರವಲ್ಲದೆ ಚರಿತ್ರೆಯನ್ನು ಬರೆಯುವ ಕ್ರಮಕ್ಕೂ ಉಪಯುಕ್ತವಾಗಿದೆ.

ಜರ್ಮನ್ ವಿದ್ವಾಂಸನಾದ ಲಿಯೊ ಫ್ರೊಬೆನಿಯಸನು ೧೯೧೦ರ ಕೊನೆಯಲ್ಲಿ ಇಫೆಗೆ ಬಂದನು. ಸಮುದ್ರದೇವತೆಯಾದ ಒಲೋಕುನಿನ ಬನಕ್ಕೆ ಸೇರಿದ, ಕಿರೀಟವುಳ್ಳ ಒಂದು ಲೋಹದ ತಲೆಯನ್ನು ಅವನು ಅಲ್ಪ ಬೆಲೆಗೆ ಕೊಂಡುಕೊಂಡನು. ಬ್ರಿಟಿಷ್ ಅಧಿಕಾರಿಗಳು ಅಡ್ಡಬಂದುದರಿಂದ ಆ ತಲೆಯು ಅವನಿಗೆ ದಕ್ಕಲಿಲ್ಲ; ಕೆಲವು ಮಣ್ಣಿನ ಶಿಲ್ಪಗಳು ಮಾತ್ರ ಜರ್ಮನಿಗೆ ಹೋದವು. ಇಷ್ಟು ಸಾಮಗ್ರಿಯ ಆಧಾರದ ಮೇಲೆಯೇ ಅವನು ಒಂದು ದೊಡ್ಡ ಸಿದ್ಧಾಂತವನ್ನು ಕಟ್ಟಿದನು. ಗ್ರೀಕರು ಹೇಳಿದ, ಸಮುದ್ರದಲ್ಲಿ ಮುಳುಗಿಹೋದ ಅಟ್ಲಾಂಟಿಸ್ ನಾಡು ಇದೇ ಎಂದೂ, ಒಲೋಕುನನು ಗ್ರೀಕರ ಪೊಸೈಡನ್ ದೇವತೆಯೇ ಎಂದೂ, ಈ ಶಿಲ್ಪಗಳು ಪ್ರಾಚೀನ ಕಾಲದಲ್ಲಿ ಕಡಲ ಮೇಲೆ ಬಂದ ಅನ್ಯ ಜನರ ಕೃತಿಗಳೆಂದೂ ಸಾರಿದನು. ವಿಗ್ರಹಗಳನ್ನು ಅವನು ಮನಸಾರೆ ಹೊಗಳಿದನು. ಅವುಗಳನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಜನರನ್ನು ಮಾತ್ರ ಅವುಗಳಿಗೆ ಯೋಗ್ಯರಲ್ಲವೆಂದು ಬಗೆದನು. ಆಫ್ರಿಕದ ಜನರು ಇಂತಹುದನ್ನು ಮಾಡಲಾರರೆಂಬ ನಂಬಿಕೆಯು ಇಲ್ಲಿ ಮೊದಲೇ ಸಿದ್ಧವಾಗಿತ್ತು. ಪ್ರಮಾಣವನ್ನು ಆಮೇಲೆ ಹುಡುಕಲಾಯಿತು.

೧೯೩೮ರ ಜನವರಿಯಲ್ಲಿ ಓನಿಯ ಅರಮನೆಯ ಸಮೀಪದ ವುನ್ಮೊನಿಜೆ ಎಂಬ ವಠಾರದಲ್ಲಿ ಮನೆಯ ಅಸ್ತಿಭಾರಕ್ಕಾಗಿ ನೆಲವನ್ನು ಅಗೆಯುತ್ತಿರುವಾಗ ಲೋಹದ ತಲೆಗಳು ಒಂದರ ಮೇಲೊಂದು ದೊರೆಯತೊಡಗಿದವು. ಅಲ್ಲಿ ದೊರೆತವುಗಳ ಒಟ್ಟು ಸಂಖ್ಯೆಯು ೧೫ಕ್ಕೆ ಮಿಕ್ಕುದು. ಇವುಗಳಲ್ಲಿ ಬಹುಪಾಲು ಮನುಷ್ಯನ ತಲೆಯಷ್ಟೇ ದೊಡ್ಡವು. ಮುಖದಲ್ಲಿ ಉದ್ವೇಗವಿಲ್ಲ, ರೆಪ್ಪೆ, ತುಟಿ, ಕೊರಳಿನ ಮಡಿಕೆಗಳು ಬಹು ಸೂಕ್ಷ್ಮವಾಗಿ ಮೂಡಿವೆ. ಕೆಲವು ಮುಖಗಳ ಮೇಲೆ ಹಣೆಯಿಂದ ಗಲ್ಲದವರೆಗೆ ಒತ್ತೊತ್ತಾದ ಗೀರುಗಳುಂಟು, ಕೆಲವು ನುಣುಪಾಗಿವೆ. ಕೂದಲಿನ ಅಂಚಿನಲ್ಲಿಯೂ ಬಾಯಿಯ ಸುತ್ತಲೂ ಸಾಲಾಗಿ ರಂಧ್ರಗಳಿರುವುದರಿಂದ ಕಿರೀಟವನ್ನೋ ಮಣಿಗಳ ತೆರೆಯನ್ನೋ ಕಟ್ಟುತ್ತಿದ್ದರೆಂದು ವಿದ್ವಾಂಸರು ಊಹಿಸಿದ್ದಾರೆ. ತಲೆಯು ಒಂದೇ ಆಗಿದ್ದಾಗ ಅದು ಎಲ್ಲಿಂದಲೋ ಬಂದುದೆಂದು ವಾದಿಸಬಹುದಾಗಿತ್ತು. ಒಂದೇ ಸ್ಥಳದಲ್ಲಿ, ಒಂದೇ ಶೈಲಿಯಲ್ಲಿ ಇಷ್ಟು ವಿಗ್ರಹಗಳು ದೊರೆತ ಮೇಲೆ ಆ ವಾದಕ್ಕೆ ನೆಲೆ ತಪ್ಪಿತು. ಅನಂತರದ ಶೋಧನೆಗಳು ಅದನ್ನು ನಾಲ್ಕು ಕಡೆಗಳಿಂದ ಖಂಡಿಸಿದವು.

ಮೊದಲನೆಯದು ಮಣ್ಣಿನ ಸಾಕ್ಷ್ಯ. ಇಫೆಯಲ್ಲಿ ಲೋಹದ ಶಿಲ್ಪಗಳು ಕೆಲವೇ. ಸುಟ್ಟ ಮಣ್ಣಿನವುಗಳು ಅಪಾರ. ಫ್ರಾಂಕ್ ವಿಲೆಟನು ಇಟಾ ಯೆಮೂ ಎಂಬಲ್ಲಿ ೧೯೫೭ರಿಂದ ನಡೆಸಿದ ಉತ್ಖನನದಲ್ಲಿಯೂ, ಪೀಟರ್ ಗಾರ್ಲೆಕನು ಒಬಲಾರನ ಹೊಲದಲ್ಲಿ ೧೯೭೧–೭೨ರಲ್ಲಿ ನಡೆಸಿದ ಉತ್ಖನನದಲ್ಲಿಯೂ ಇಂತಹ ಶಿಲ್ಪಗಳೊಡನೆ ಮಡಕೆಯ ಚೂರುಗಳನ್ನು ಅಂಚು ಮೇಲಾಗಿ ನೆಟ್ಟು ಮಾಡಿದ ನೆಲಗಟ್ಟುಗಳು ಕಂಡುಬಂದಿವೆ. ಲೋಹದ ಮುಖಗಳಲ್ಲಿರುವ ಗೀರುಗಳೂ ಕೊರಳಿನ ಮಡಿಕೆಗಳೂ ಮಣ್ಣಿನ ಮುಖಗಳಲ್ಲಿಯೂ ಇವೆ. ಅರಸರಲ್ಲದೆ ರೋಗಿಗಳು, ಬಾಯಿಕಟ್ಟಿದ ಬಲಿಪುರುಷರು, ಆನೆ ಮೊದಲಾದ ಪ್ರಾಣಿಗಳೂ ಮಣ್ಣಿನಲ್ಲಿ ರೂಪಗೊಂಡಿರುವುದರಿಂದ ಇದು ಊರಿನ ಜೀವನದಲ್ಲಿ ಬೇರೂರಿದ ಕಲೆಯೆಂಬುದು ಸ್ಪಷ್ಟ.

ಎರಡನೆಯದು ಎರಕದ ವಿಧಾನ. ಮಣ್ಣಿನ ತಿರುಳಿನ ಮೇಲೆ ಮೇಣದಿಂದ ರೂಪವನ್ನು ತಿದ್ದಿ, ಅದಕ್ಕೆ ಮಣ್ಣನ್ನು ಮೆತ್ತಿ, ಕಾಯಿಸಿ ಮೇಣವನ್ನು ಕರಗಿಸಿ ತೆಗೆದು, ಆ ತೆರಪಿನೊಳಗೆ ಕರಗಿದ ಲೋಹವನ್ನು ಹೊಯ್ಯುವ ಈ ಕ್ರಮಕ್ಕೆ ನಮ್ಮ ಶಿಲ್ಪಶಾಸ್ತ್ರಗಳಲ್ಲಿ ಮಧೂಚ್ಛಿಷ್ಟ ವಿಧಾನವೆಂದು ಹೆಸರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ದಲ್ಲಿ ಇದನ್ನೇ ವಿವರಿಸಿದ್ದಾನೆ. ಇಷ್ಟರಿಂದ ಕಲ್ಯಾಣಕ್ಕೂ ಇಫೆಗೂ ಸಂಬಂಧವನ್ನು ಕಲ್ಪಿಸುವುದು ಎಷ್ಟು ಅಸಂಗತವೋ, ಮುಖದ ಹೋಲಿಕೆಯೊಂದರಿಂದ ಗ್ರೀಸಿಗೂ ಇಫೆಗೂ ಸಂಬಂಧವನ್ನು ಕಲ್ಪಿಸುವುದೂ ಅಷ್ಟೇ ಅಸಂಗತ. ಇಫೆಯ ಕೆಲವು ವಿಗ್ರಹಗಳು ಹೆಚ್ಚು ಕಡಿಮೆ ಶುದ್ಧ ತಾಮ್ರದವು. ಅರಮನೆಯಲ್ಲಿಯೇ ಉಳಿದುಬಂದ, ಒಬಲುಫೊನ್ ಅರಸನದೆಂದು ಹೇಳುವ ಮುಖವಾಡವು ಅಂತಹುದು. ಹಿತ್ತಾಳೆಗಿಂತ ತಾಮ್ರವನ್ನು ಎರಕ ಹೊಯ್ಯುವುದು ಕಷ್ಟವೆಂಬುದನ್ನು ಬಲ್ಲವರಿಗೆ ಈ ಕುಶಲತೆಯ ಹಿಂದೆ ದೀರ್ಘವಾದ ಅಭ್ಯಾಸವಿತ್ತೆಂಬುದು ತಿಳಿಯದೆ ಇರದು. ತಾಮ್ರವು ದೂರದಿಂದ ವ್ಯಾಪಾರದ ಮೂಲಕ ಬಂದಿರಬಹುದು. ಲೋಹವು ಹೊರಗಿನದಾದ ಮಾತ್ರಕ್ಕೆ ಕೈಯೂ ಹೊರಗಿನದಾಗಲಾರದು.

ಮೂರನೆಯದು ಕಾಲನಿರ್ಣಯ. ಸುಟ್ಟ ಮಣ್ಣನ್ನು ಕಾಯಿಸಿದಾಗ ಹೊರಡುವ ಬೆಳಕನ್ನು ಅಳೆಯುವ ವಿಧಾನದಿಂದಲೂ, ಉತ್ಖನನದಲ್ಲಿ ದೊರೆತ ಇದ್ದಿಲಿನ ಪರೀಕ್ಷೆಯಿಂದಲೂ ಈ ಕಲೆಯ ಉಚ್ಛ್ರಾಯವು ಸುಮಾರು ಕ್ರಿ.ಶ. ೧೨ರಿಂದ ೧೫ನೆಯ ಶತಮಾನದವರೆಗೆ ಎಂದು ಗೊತ್ತಾಗಿದೆ. ಅಟ್ಲಾಂಟಿಸಿನ ಕಲ್ಪನೆಗೆ ಇದು ಅತ್ಯಂತ ಈಚಿನ ಕಾಲ. ೧೫ನೆಯ ಶತಮಾನದ ಉತ್ತರಾರ್ಧದಲ್ಲಿ ಆ ಕರಾವಳಿಯನ್ನು ಮುಟ್ಟಿದ ಪೋರ್ಚುಗೀಸರಿಂದ ಕಲಿತರೆನ್ನುವುದಕ್ಕೆ ಬಹಳ ಮುಂಚಿನ ಕಾಲ. ನೈಜರ್ ನದಿಯ ಪೂರ್ವಕ್ಕಿರುವ ಇಗ್ಬೊ-ಉಕ್ವುವಿನಲ್ಲಿ ಥರ್ಸ್ಟನ್ ಶಾ ೧೯೫೯–೬೦ರಲ್ಲಿ ಅಗೆದು ತೆಗೆದ ಕಂಚಿನ ವಸ್ತುಗಳು ೯–೧೦ನೆಯ ಶತಮಾನದವೆಂದು ಗಣಿತವಾಗಿವೆ. ಅವು ಬೇರೆ ಜನರ, ಬೇರೆ ಶೈಲಿಯ ಕೃತಿಗಳು. ಆದರೂ ಆ ಪ್ರಾಂತದಲ್ಲಿ ಎರಕದ ವಿದ್ಯೆಯು ಇಫೆಗಿಂತ ಹಿಂದೆಯೇ ಇದ್ದಿತೆಂಬುದಕ್ಕೆ ಸಾಕ್ಷಿಯಾಗಿವೆ.

ನಾಲ್ಕನೆಯದು ಗಾಜಿನ ಸಾಕ್ಷ್ಯ. ಒಲೋಕುನಿನ ಬನದಲ್ಲಿ ಗಾಜು ಮೆತ್ತಿದ ಮೂಸೆಯ ಚೂರುಗಳನ್ನು ಫ್ರೊಬೆನಿಯಸನೇ ಕಂಡಿದ್ದನು. ಅದೇ ಬನದಲ್ಲಿ ಅಬಿದೆಮಿ ಬಾಬತುಂಡೆ ಬಾಬಲೋಲ ಎಂಬ ಪುರಾತತ್ತ್ವಜ್ಞನು ನಡೆಸಿ ೨೦೧೭ರಲ್ಲಿ ಪ್ರಕಟಿಸಿದ ಶೋಧನೆಯಿಂದ, ಸುಣ್ಣ ಮತ್ತು ಅಲ್ಯುಮಿನ ಎರಡೂ ಅಧಿಕವಾಗಿರುವ ಒಂದು ವಿಶಿಷ್ಟ ಗಾಜನ್ನು ಅಲ್ಲಿಯೇ ತಯಾರಿಸುತ್ತಿದ್ದರೆಂದು ಸಿದ್ಧವಾಗಿದೆ. ಅನ್ಯ ದೇಶದ ಕುರುಹನ್ನು ಅರಸಿದವನ ಕಾಲ ಕೆಳಗೇ ಸ್ಥಳೀಯ ಕುಲುಮೆಯ ಕುರುಹು ಬಿದ್ದಿದ್ದಿತು.

ಇಫೆಯ ಶೈಲಿಗೂ ಅನಂತರದ ಯೊರುಬಾ ಶಿಲ್ಪಕ್ಕೂ ಸಂಬಂಧವಿಲ್ಲವೆಂಬ ಆಕ್ಷೇಪಣೆಯೊಂದುಂಟು. ಅದೂ ನಿಲ್ಲುವಂತಹುದಲ್ಲ. ಇಟಾ ಯೆಮೂವಿನಲ್ಲಿ ದೊರೆತ ಓನಿಯ ಪೂರ್ಣವಿಗ್ರಹದಲ್ಲಿ ತಲೆಯು ದೇಹದ ಎತ್ತರದ ಸುಮಾರು ಕಾಲುಭಾಗದಷ್ಟಿದೆ. ಮುಖವನ್ನು ಅಷ್ಟು ಯಥಾರ್ಥವಾಗಿ ತಿದ್ದಬಲ್ಲ ಶಿಲ್ಪಿಗೆ ದೇಹದ ಪ್ರಮಾಣವು ತಿಳಿಯದೆ ಇರಲಿಲ್ಲ. ‘ಒರಿ’ ಎಂದರೆ ಯೊರುಬಾ ಭಾಷೆಯಲ್ಲಿ ತಲೆ. ಮನುಷ್ಯನು ಹುಟ್ಟುವ ಮೊದಲೇ ಆರಿಸಿಕೊಂಡು ಬಂದ ವಿಧಿಯ ನೆಲೆಯೂ ಅದೇ. ಹಣೆಯ ಬರಹವೆಂಬ ಮಾತನ್ನು ಬಳಸುವ ಜನರಿಗೆ ಈ ಭಾವವು ಅಪರಿಚಿತವಲ್ಲ. ತಲೆಯನ್ನು ಹಿರಿದಾಗಿ ಮಾಡುವ ಇದೇ ಪದ್ಧತಿಯು ೨೦ನೆಯ ಶತಮಾನದ ಮರದ ಕೆತ್ತನೆಗಳವರೆಗೆ ಅವಿಚ್ಛಿನ್ನವಾಗಿ ನಡೆದುಬಂದಿದೆ. ನೆರೆಯ ಬೆನಿನ್ ರಾಜ್ಯದ ಐತಿಹ್ಯವು ತಮ್ಮ ಎರಕದ ವಿದ್ಯೆಯು ಇಫೆಯಿಂದ ಬಂದುದೆಂದು ಹೇಳುತ್ತದೆ. ಅದನ್ನು ಅಕ್ಷರಶಃ ಒಪ್ಪದ ವಿದ್ವಾಂಸರಿದ್ದರೂ, ಇಫೆಯ ಕೀರ್ತಿಯು ನೆರೆನಾಡಿನಲ್ಲಿ ಎಷ್ಟಿತ್ತೆಂಬುದಕ್ಕೆ ಅದೇ ನಿದರ್ಶನ.

ಬೆನಿನ್ನಿನ ಅರಮನೆಯ ಸಹಸ್ರಾರು ಕೃತಿಗಳು ೧೮೯೭ರ ಬ್ರಿಟಿಷ್ ದಂಡಯಾತ್ರೆಯಲ್ಲಿ ಸೂರೆಹೋದವು. ಇಫೆಗೆ ಆ ಗತಿ ಬರಲಿಲ್ಲವಾದರೂ ೧೯೩೮ರ ತಲೆಗಳಲ್ಲಿ ಮೂರು ಹೊರದೇಶಕ್ಕೆ ಹೋದವು. ಅಮೆರಿಕದ ವಿದ್ವಾಂಸ ವಿಲಿಯಂ ಬ್ಯಾಸ್ಕಮನು ಕೊಂಡೊಯ್ದ ಎರಡು ೧೯೫೦ರಲ್ಲಿ ಹಿಂದಿರುಗಿದವು. ಒಂದು ೧೯೩೯ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿತು. ಇಫೆಯಲ್ಲಿಯೇ ೧೯೫೪ರಲ್ಲಿ ವಸ್ತುಸಂಗ್ರಹಾಲಯವು ಸ್ಥಾಪಿತವಾಯಿತು.

ಒಂದು ವಸ್ತುವನ್ನು ಅದರ ಊರಿನಿಂದ ಒಯ್ಯುವುದು ಒಂದು ಬಗೆಯ ಅಪಹಾರ. ಅದನ್ನು ಊರಿನಲ್ಲಿಯೇ ಬಿಟ್ಟು ಅದರ ಕರ್ತೃತ್ವವನ್ನು ಮಾತ್ರ ಒಯ್ಯುವುದು ಇನ್ನೊಂದು ಬಗೆಯದು. ಒಲೋಕುನಿನ ತಲೆಯು ೧೯೧೦ರಲ್ಲಿ ಇಫೆಯಲ್ಲಿಯೇ ಉಳಿಯಿತು. ಅದನ್ನು ಎರಕ ಹೊಯ್ದವರು ಇಫೆಯವರೆಂಬ ಮಾತು ವಿದ್ವತ್ಪ್ರಪಂಚದಲ್ಲಿ ಸ್ಥಿರವಾಗುವುದಕ್ಕೆ ದಶಕಗಳು ಬೇಕಾದವು. ಆ ಶಿಲ್ಪಿಗಳ ಹೆಸರುಗಳು ಉಳಿದುಬಂದಿಲ್ಲ. ಅವರ ಊರು, ಅವರ ಕಾಲ, ಅವರ ಕುಲುಮೆ, ಅವರ ಮಣ್ಣು ಇವು ಉಳಿದಿವೆ. ಕರ್ತೃತ್ವವನ್ನು ನಿರ್ಣಯಿಸುವುದಕ್ಕೆ ಇಷ್ಟು ಸಾಕಾಗಿದೆ.